ಓದುಗರ ಪ್ರಶ್ನೆ: ಎರಡು ಪುಟದ ಟಿಪ್ಪಣಿ, ಜೊತೆಗಾರರ ಟಿಕೆಟ್ಟು

ಹೋದ ತಿಂಗಳು ಇದೇ ಪತ್ರಿಕೆಯಲ್ಲಿ ನನ್ನ ಬಗ್ಗೆ ಎರಡು ಸಾಲು ಬಂದಿತ್ತು: ‘ಮೂಲತಃ ತಿಪಟೂರಿನವರು. ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಸರ್ಕಾರಿ ನೌಕರಿ, ಮೂಲನಿವಾಸಿಗಳ ಆರೋಗ್ಯ ನೀತಿಯ ವಿಶ್ಲೇಷಕಿ.’ ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಐದಕ್ಕೆ ಉತ್ತರ ಬರೆದಿದ್ದೇನೆ. ಇಲಾಖೆಯ ಪರವಾಗಿ ಅಲ್ಲ, ನನ್ನ ಪರವಾಗಿ.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇನೆ. ನೀತಿ ವಿಶ್ಲೇಷಕಿ ಅಂದರೆ ದಿನವಿಡೀ ಏನು ಮಾಡುತ್ತೀರಿ ಮೇಡಂ?
— ಎಸ್. ಕೆ., ಧಾರವಾಡ

ಬರೆಯುತ್ತೇನೆ, ಬರೆದದ್ದನ್ನು ಹೊಡೆದುಹಾಕುತ್ತೇನೆ. ಮೇಲಕ್ಕೆ ಹೋಗುವ ಟಿಪ್ಪಣಿ ಎರಡು ಪುಟ ದಾಟಿದರೆ ಯಾರೂ ಓದುವುದಿಲ್ಲ. ವಿಷಯವೇನು, ಹಿನ್ನೆಲೆಯೇನು, ಖರ್ಚೆಷ್ಟು, ಯಾರಿಗೆ ಸಿಟ್ಟು ಬರುತ್ತದೆ (ಇದಕ್ಕೆ ‘ಪರಿಗಣಿಸಬೇಕಾದ ಅಂಶಗಳು’ ಎಂದು ಮರ್ಯಾದೆಯ ಹೆಸರಿದೆ), ಕೊನೆಗೆ ಶಿಫಾರಸು. ಅದು ಮ್ಯಾನೇಜರ್, ಡೈರೆಕ್ಟರ್, ಡೈರೆಕ್ಟರ್ ಜನರಲ್ ಅಂತ ಮೆಟ್ಟಿಲು ಹತ್ತುತ್ತಾ ಹೋಗುತ್ತದೆ. ಒಂದೊಂದು ಮೆಟ್ಟಿಲಲ್ಲೂ ಒಂದೊಂದು ಪದ ಉದುರುತ್ತದೆ. ನಾನು ‘ತೀವ್ರ ಕೊರತೆ’ ಎಂದು ಕಳಿಸಿದ್ದು ಮೇಲೆ ಮುಟ್ಟುವಷ್ಟರಲ್ಲಿ ‘ಸವಾಲು’ ಆಗಿರುತ್ತದೆ. ದಿನದ ಅರ್ಧ ಈ ಪದಗಳ ಜಗಳದಲ್ಲೇ ಕಳೆಯುತ್ತದೆ.

ಪದಕ್ಕೆ ಜಗಳವೇ ಅನ್ನಬೇಡಿ, ಒಂದು ಉದಾಹರಣೆ ಕೊಡುತ್ತೇನೆ. ದೂರದ ಉತ್ತರದ ರಿಸರ್ವ್‌ಗಳಲ್ಲಿ (ಮೂಲನಿವಾಸಿಗಳಿಗೆ ಮೀಸಲಿಟ್ಟ ನೆಲ) ದಾದಿಯರು ನಡೆಸುವ ಸಣ್ಣ ಆರೋಗ್ಯ ಕೇಂದ್ರವಿರುತ್ತದೆ. ಹೆಚ್ಚಿನ ಕಡೆ ಹೆರಿಗೆ ಮಾಡಿಸುವುದಿಲ್ಲ. ಬಸುರಿಗೆ 36–38 ವಾರ ಆಗುತ್ತಲೇ ವಿಮಾನ ಹತ್ತಿಸಿ ನೂರಾರು ಕಿಲೋಮೀಟರ್ ದೂರದ ನಗರಕ್ಕೆ ಕಳಿಸುತ್ತಾರೆ. ಹೆರಿಗೆ ಆಗುವ ತನಕ ಅವಳು ಅಲ್ಲೇ ಕಾಯಬೇಕು. ನಾವು ಮಗಳನ್ನು ತವರಿಗೆ ಕರೆತರುತ್ತೇವೆ. ಅವರಲ್ಲಿ ತವರಿನಿಂದಲೇ ಎಬ್ಬಿಸಿಕೊಂಡು ಹೋಗುತ್ತಾರೆ. ಪ್ರಯಾಣದ ಖರ್ಚು ಕೊಡುವುದು ಫೆಡರಲ್ (ಕೇಂದ್ರ) ಸರ್ಕಾರದ ಒಂದು ಯೋಜನೆ. ಅದರ ನಿಯಮದಲ್ಲಿ ಜೊತೆಗಾರರ ಟಿಕೆಟ್ಟು ಸಿಗುತ್ತಿದ್ದದ್ದು ವೈದ್ಯಕೀಯ ಇಲ್ಲವೇ ಕಾನೂನಿನ ಕಾರಣ ಇದ್ದರೆ ಮಾತ್ರ. ರೋಗಿ ಅಪ್ರಾಪ್ತೆ, ನಡೆಯಲಾಗದು, ಭಾಷೆ ಬರದು, ಹೀಗೆ. ಬಸುರಿ ಎಂಬುದೊಂದೇ ಕಾರಣವಾಗಿ ಸಾಲುತ್ತಿರಲಿಲ್ಲ.

2014ರಲ್ಲಿ ಅಂಥ ಒಂದು ವಸತಿಗೃಹಕ್ಕೆ ಹೋಗಿದ್ದೆ. ಹತ್ತೊಂಬತ್ತು ವರ್ಷದ ಹುಡುಗಿ. ಅಪ್ರಾಪ್ತೆ ಅಲ್ಲ, ಹಾಗಾಗಿ ಒಬ್ಬಳೇ. ಊಟದ ಮೇಜಿನ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟುಕೊಂಡು ಊರಲ್ಲಿ ಬಿಟ್ಟುಬಂದ ಮೊದಲ ಮಗುವಿನ ಜೊತೆ ಮಾತಾಡುತ್ತಿದ್ದಳು. ನೆಟ್‌ವರ್ಕ್ ನಿಂತು ಮಗುವಿನ ಮುಖ ಪರದೆಯಲ್ಲಿ ಬಾಯಿ ಅರ್ಧ ತೆರೆದ ಹಾಗೆಯೇ ಉಳಿದುಬಿಟ್ಟಿತು. ಅವಳು ಫೋನ್ ಮುಚ್ಚಲಿಲ್ಲ. ಆ ನಿಂತ ಚಿತ್ರದ ಮುಂದೆಯೇ ಊಟ ಮುಗಿಸಿದಳು.

2017ರ ಏಪ್ರಿಲ್‌ನಿಂದ ಎಲ್ಲ ಬಸುರಿಯರಿಗೂ ಜೊತೆಗಾರರ ಖರ್ಚು ಸಿಗುತ್ತದೆ. ಅದನ್ನು ಮಾಡಿಸಿದ್ದು ನಾನಲ್ಲ. ತಾಯಂದಿರು, ಸೂಲಗಿತ್ತಿಯರು, ವೈದ್ಯರು ವರ್ಷಗಟ್ಟಲೆ ಕೂಗಿದ್ದಕ್ಕೆ ಆಯಿತು. ನಾನು ಪಕ್ಕದ ಕಡತದಲ್ಲಿದ್ದೆ. ಆದರೆ ಬದಲಾದದ್ದು ಏನೆಂದು ನೋಡಿ: ನಿಯಮಾವಳಿಯಲ್ಲಿ ಒಂದು ಸಾಲು. ಅಂದಿನಿಂದ ಯಾರಾದರೂ ನನ್ನ ವಾಕ್ಯದಲ್ಲಿ ‘ಮಾತ್ರ’ ಎಂಬ ಪದ ಸೇರಿಸಿದರೆ ಯಾಕೆಂದು ಕೇಳದೆ ಬಿಡುವುದಿಲ್ಲ.

ಇಂಡಿಯಾದವರಾದ ನೀವು ಅಲ್ಲಿ ‘ಇಂಡಿಯನ್ನರ’ ಕೆಲಸ ಮಾಡುತ್ತೀರಂತೆ. ಗೊಂದಲ ಆಗುವುದಿಲ್ಲವೆ?
— ಬಿ. ಎನ್. ಆರ್., ಶಿವಮೊಗ್ಗ

ಆಗುತ್ತದೆ, ಅದಕ್ಕೆ ನಗುವುದು ಅವರೇ ಜಾಸ್ತಿ. ‘ಕೊಲಂಬಸ್ ಹುಡುಕುತ್ತಿದ್ದದ್ದು ನಿನ್ನನ್ನು, ಸಿಕ್ಕಿಬಿದ್ದದ್ದು ನಾವು’ ಎಂದು ಕ್ರೀ ಎಂಬ ಮೂಲನಿವಾಸಿ ಸಮುದಾಯದ ಹಿರಿಯರೊಬ್ಬರು ಪರಿಚಯದ ಐದನೇ ನಿಮಿಷಕ್ಕೆ ಹೇಳಿದರು. ಮಾತಿನಲ್ಲಿ ಈಗ ‘ಇಂಡಿಯನ್’ ಎಂಬ ಪದ ಬಳಸುವುದಿಲ್ಲ. ಫಸ್ಟ್ ನೇಷನ್ಸ್, ಇನುಯಿಟ್, ಮೇಟಿ ಎಂದು ಮೂರು ಬೇರೆ ಬೇರೆ ಜನವರ್ಗಗಳು. ಕಾನೂನಿನಲ್ಲಿ ಮಾತ್ರ 1876ರ ‘ಇಂಡಿಯನ್ ಆಕ್ಟ್’ ಇನ್ನೂ ಅದೇ ಹೆಸರಲ್ಲಿ ಕೂತಿದೆ.

ಕೆನಡಾದಲ್ಲಿ ಎಲ್ಲರಿಗೂ ಆಸ್ಪತ್ರೆ ಉಚಿತ ಎಂದು ಕೇಳಿದ್ದೇವೆ. ಮತ್ತೆ ಇವರಿಗೊಂದು ಬೇರೆ ವ್ಯವಸ್ಥೆ ಯಾಕೆ?
— ನಿವೃತ್ತ ಶಿಕ್ಷಕರು, ಹಾಸನ

ಮೇಷ್ಟ್ರೇ, ಇದಕ್ಕೆ ಉತ್ತರ 1867ರಿಂದ ಶುರು. ಆ ವರ್ಷದ ಸಂವಿಧಾನ ಆಸ್ಪತ್ರೆಗಳನ್ನು ಪ್ರಾಂತಗಳಿಗೆ ಕೊಟ್ಟಿತು, ‘ಇಂಡಿಯನ್ನರನ್ನೂ ಅವರಿಗೆ ಮೀಸಲಿಟ್ಟ ಭೂಮಿಯನ್ನೂ’ ಫೆಡರಲ್ ಸರ್ಕಾರಕ್ಕೆ ಕೊಟ್ಟಿತು. ಹಾಗಾದರೆ ರಿಸರ್ವ್‌ನಲ್ಲಿರುವ ರೋಗಿ ಯಾರ ಪಾಲು? ಒಂದೂವರೆ ಶತಮಾನದಿಂದ ಇಬ್ಬರೂ ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸಿಕೊಂಡು ಬಂದಿದ್ದಾರೆ. ಸರ್ಕಾರ ಮೂಲನಿವಾಸಿಗಳ ಜೊತೆ ಮಾಡಿಕೊಂಡ 1876ರ ಆರನೇ ಒಪ್ಪಂದದಲ್ಲಿ ‘ಔಷಧಿ ಪೆಟ್ಟಿಗೆ’ ಇಡುತ್ತೇವೆಂಬ ಮಾತಿದೆ. ಅದೇ ಆರೋಗ್ಯದ ಹಕ್ಕು ಎಂದು ಫಸ್ಟ್ ನೇಷನ್ಸ್ ಹೇಳುತ್ತಾರೆ. ನಾವು ಕೊಡುತ್ತಿರುವುದು ನೀತಿಯ ಪ್ರಕಾರ, ಒಪ್ಪಂದದ ಪ್ರಕಾರ ಅಲ್ಲ ಎಂದು ಸರ್ಕಾರ ಹೇಳುತ್ತದೆ. ಈ ಎರಡು ಮಾತುಗಳ ನಡುವಿನ ಸಂದಿಯಲ್ಲೇ ನನ್ನ ಸಂಬಳ.

ಈ ಸಂದಿಗೆ ಬಿದ್ದವನು ಜೋರ್ಡನ್ ರಿವರ್ ಆಂಡರ್ಸನ್. ಮ್ಯಾನಿಟೋಬಾ ಪ್ರಾಂತದ ನಾರ್ವೆ ಹೌಸ್ ಕ್ರೀ ಸಮುದಾಯದ ಮಗು, ಹುಟ್ಟಿದ್ದು 1999ರಲ್ಲಿ, ಹುಟ್ಟಿನಿಂದಲೇ ಬಹಳ ವೈದ್ಯಕೀಯ ಆರೈಕೆ ಬೇಕಿತ್ತು. ಎರಡು ವರ್ಷವಾದಾಗ ಆಸ್ಪತ್ರೆ ಬಿಟ್ಟು ಮನೆಯಲ್ಲಿ ಇರಬಹುದು ಎಂದರು ವೈದ್ಯರು. ಮನೆಯ ಆರೈಕೆಯ ಖರ್ಚು ಯಾರದ್ದು ಎಂದು ಫೆಡರಲ್ ಸರ್ಕಾರವೂ ಪ್ರಾಂತವೂ ಜಗ್ಗಾಡಿದವು, ಬಚ್ಚಲಿನ ಶವರ್‌ನಂಥ ಚಿಲ್ಲರೆ ಸಾಮಾನಿಗೂ. ಮಗು 2005ರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡಿತು. ಐದು ವರ್ಷ. ಒಂದು ದಿನವೂ ತನ್ನ ಮನೆಯಲ್ಲಿ ಮಲಗಲಿಲ್ಲ.

2007ರ ಡಿಸೆಂಬರಿನಲ್ಲಿ ಸಂಸತ್ತಿನ ಕೆಳಮನೆ ಒಮ್ಮತದಿಂದ ‘ಜೋರ್ಡನ್ ತತ್ವ’ ಒಪ್ಪಿತು: ಯಾವ ಸರ್ಕಾರದ ಬಾಗಿಲು ಮೊದಲು ತಟ್ಟುತ್ತಾರೋ ಅದು ಮೊದಲು ದುಡ್ಡು ಕೊಡಬೇಕು, ಲೆಕ್ಕದ ಜಗಳ ಆಮೇಲೆ. ಒಪ್ಪಿದರು, ಮಾಡಲಿಲ್ಲ. ಸಿಂಡಿ ಬ್ಲಾಕ್‌ಸ್ಟಾಕ್ ಎಂಬ, ಗಿಟ್‌ಕ್ಸನ್ ಮೂಲನಿವಾಸಿ ಸಮುದಾಯದ ಹೆಣ್ಣುಮಗಳು ಬೆನ್ನು ಹತ್ತಿ, 2016ರಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿಯಿಂದ ಸರ್ಕಾರ ತಾರತಮ್ಯ ಮಾಡಿದೆ ಎಂಬ ತೀರ್ಪು ಬಂತು. ಮರುವರ್ಷ ಗಡುವೂ ಬಂತು. ಒಂದು ಮಗುವಿನ ತುರ್ತು ಅರ್ಜಿಗೆ 12 ಗಂಟೆ, ತುರ್ತಲ್ಲದ್ದಕ್ಕೆ 48. ಅರ್ಜಿಗಳು ಇವತ್ತಿಗೂ ಗಡುವು ಮೀರಿ ಕೊಳೆಯುವುದುಂಟು. ಮೇಷ್ಟ್ರಾಗಿ ನಿಮಗೆ ಗೊತ್ತೇ ಇದೆ, ವೇಳಾಪಟ್ಟಿ ಅಂಟಿಸಿದ ಮಾತ್ರಕ್ಕೆ ಪಾಠ ಆಗುವುದಿಲ್ಲ.

ನಾನು ಆಶಾ ಕಾರ್ಯಕರ್ತೆ. ಹಾಡಿಗೆ ಬರುವವರೆಲ್ಲ ಸರ್ವೆ ಮಾಡಿ, ರಕ್ತ ತಗೊಂಡು ಹೋಗುತ್ತಾರೆ. ಏನು ಗೊತ್ತಾಯಿತೆಂದು ವಾಪಸ್ ಬಂದು ಹೇಳುವುದಿಲ್ಲ. ಅಲ್ಲಿಯೂ ಹೀಗೆಯಾ?
— ಜೆ., ಎಚ್.ಡಿ. ಕೋಟೆ

ಅಕ್ಕಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಲ್ಲಿಯೂ ಹೀಗೆಯೇ ಇತ್ತು. ಪಶ್ಚಿಮ ಕರಾವಳಿಯ ನೂಚಾನುಲ್ತ್ ಜನರಿಂದ 1980ರ ದಶಕದಲ್ಲಿ ಕೀಲುವಾತದ ಅಧ್ಯಯನ ಎಂದು ಹೇಳಿ ರಕ್ತ ತೆಗೆದುಕೊಂಡರು. ಆ ರಕ್ತ ಸಂಶೋಧಕರ ಜೊತೆ ದೇಶ ಬಿಟ್ಟು ಹೋಗಿ, ಜನರನ್ನು ಕೇಳದೆ ವಂಶಮೂಲದ ಸಂಶೋಧನೆಗೂ ಬಳಕೆಯಾಯಿತು. ಜನ ಹೋರಾಡಿ 2004ರಲ್ಲಿ ವಾಪಸ್ ತರಿಸಿಕೊಂಡರು.

ಈಗ ಫಸ್ಟ್ ನೇಷನ್ಸ್ ನಾಲ್ಕು ಷರತ್ತು ಹಾಕುತ್ತಾರೆ, 1998ರಿಂದ ಬಂದದ್ದು: ಮಾಹಿತಿಯ ಒಡೆತನ ನಮ್ಮದು, ಹಿಡಿತ ನಮ್ಮದು, ನೋಡುವ ಹಕ್ಕು ನಮ್ಮದು, ಇಟ್ಟುಕೊಳ್ಳುವ ಜಾಗವೂ ನಮ್ಮದು. ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ‘ಓಕ್ಯಾಪ್’ ಅನ್ನುತ್ತಾರೆ. ನನಗೆ ಯಾವುದೋ ಸಮುದಾಯದ ಅಂಕಿಸಂಖ್ಯೆ ಬೇಕಾದರೆ ಕೇಳಬೇಕು, ಅವರು ಕೊಡುವುದಿಲ್ಲ ಅನ್ನಬಹುದು. ಟಿಪ್ಪಣಿ ತಡವಾಗುತ್ತದೆ, ಬೈಸಿಕೊಳ್ಳುತ್ತೇನೆ. ಆಗಲಿ.

ನನ್ನದೂ ಒಂದು ತಪ್ಪು ಹೇಳುತ್ತೇನೆ. ಮೊದಲ ಸಲ ಉತ್ತರದ ತುದಿಯ ಇನುಯಿಟ್ ಪ್ರದೇಶ ನುನಾವುಟ್‌ನ ಒಂದು ಊರಿಗೆ ಹೋದಾಗ (ಅಲ್ಲಿನ 25 ಊರುಗಳಲ್ಲಿ ಒಂದಕ್ಕೂ ಹೊರಗಿನಿಂದ ರಸ್ತೆ ಇಲ್ಲ) ಕ್ಷಯರೋಗದ ಬಗ್ಗೆ ಸಭೆ. ನಾನು ಕೇಳುತ್ತಿದ್ದೇನೆ, ಎದುರಿನ ಅಜ್ಜಿಯರು ತುಟಿ ಬಿಚ್ಚುತ್ತಿಲ್ಲ. ‘ಪ್ರತಿಕ್ರಿಯೆ ಇಲ್ಲ’ ಎಂದು ಬರೆದುಕೊಂಡೆ. ಮೂರು ಪ್ರಶ್ನೆಗೆ ಮೂರು ಸಲ. ದುಭಾಷಿ ಹುಡುಗಿ ನನ್ನ ಪುಸ್ತಕದಲ್ಲಿ ಇಣುಕಿ ನಕ್ಕಳು. ಇನುಯಿಟ್ ಜನ ಹುಬ್ಬೇರಿಸಿದರೆ ಹೌದು, ಮೂಗು ಸುಕ್ಕು ಮಾಡಿದರೆ ಇಲ್ಲ. ಅಜ್ಜಿಯರು ಅರ್ಧ ಗಂಟೆಯಿಂದ ಉತ್ತರ ಕೊಡುತ್ತಲೇ ಇದ್ದರು, ನಾನು ಪೇಪರ್ ನೋಡುತ್ತಿದ್ದೆ! ಆಮೇಲೆ ನನ್ನ ತಲೆ ಅಲ್ಲಾಡಿಸುವಿಕೆ ಹೌದೋ ಅಲ್ಲವೋ ಎಂದು ಅವರಿಗೂ ತಿಳಿಯದೆ, ಲೆಕ್ಕ ಸಮವಾಯಿತು.

ಅದಿರಲಿ. 1950ರ ದಶಕದಲ್ಲಿ ಅಂಥ ಅಜ್ಜಿಯರ ಅಪ್ಪ ಅಮ್ಮಂದಿರನ್ನು ಎಕ್ಸ್‌ರೇ ಹಡಗಿಗೆ ಹತ್ತಿಸಿ, ಕ್ಷಯ ಕಂಡವರನ್ನು ಹಾಗೆಯೇ ದಕ್ಷಿಣದ ಸ್ಯಾನಟೋರಿಯಂಗಳಿಗೆ ಒಯ್ದರು. ಎಷ್ಟೋ ಜನ ಮರಳಲಿಲ್ಲ, ಎಲ್ಲಿ ಮಣ್ಣು ಮಾಡಿದರೆಂದು ಮನೆಯವರಿಗೆ ಹೇಳಲೂ ಇಲ್ಲ. 2019ರಲ್ಲಿ ಆಗಿನ ಪ್ರಧಾನಿ ಟ್ರೂಡೊ ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಹೋಗಿ ಕ್ಷಮೆ ಕೇಳಿದರು. ಹಾಗಾಗಿ ಅಲ್ಲಿ ‘ಕಫ ಪರೀಕ್ಷೆಗೆ ಜನ ಯಾಕೆ ಬರುವುದಿಲ್ಲ’ ಎಂಬ ಪ್ರಶ್ನೆಗೆ ಉತ್ತರ ನನ್ನ ಸರ್ವೆಯ ಯಾವ ಖಾನೆಯಲ್ಲೂ ಇರಲಿಲ್ಲ.

ನಿಮ್ಮ ಹಾಡಿಯ ಬಗ್ಗೆ ನಾನು ಒಟ್ಟಾವಾದಲ್ಲಿ ಕೂತು ಸಲಹೆ ಕೊಡಬಾರದು. ಆದರೆ ಮುಂದಿನ ಸಲ ಸರ್ವೆಯವರು ಬಂದಾಗ ‘ಫಲಿತಾಂಶ ಯಾವ ತಾರೀಕಿಗೆ ತರುತ್ತೀರಿ’ ಎಂದು ಕೇಳಿ, ಅವರ ಕೈಯಲ್ಲೇ ನಿಮ್ಮ ಡೈರಿಯಲ್ಲಿ ಬರೆಸಿಕೊಳ್ಳಿ.

ಆ ಕೆಲಸಕ್ಕೆ ನಮ್ಮಂಥವರು ಸೇರಬಹುದೆ? ಪೌರತ್ವ ಬೇಕೆ? ಕೆಲಸ ಕಾಯಮ್ಮೆ? ಸಂಬಳ ಎಷ್ಟು?
— ಎಂ. ಪಿ., ಮೈಸೂರು

2021ರಿಂದ ಫೆಡರಲ್ ನೇಮಕಾತಿಯಲ್ಲಿ ಕಾಯಂ ನಿವಾಸಿಗಳಿಗೂ ಪೌರರಷ್ಟೇ ಆದ್ಯತೆ ಇದೆ. ಫ್ರೆಂಚ್ ಕಲಿಯಿರಿ, ಇಲ್ಲದಿದ್ದರೆ ಒಂದು ಹಂತದಲ್ಲಿ ನಿಂತುಬಿಡುತ್ತೀರಿ. ನಾನು ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದೇನೆ. ಈ ವಿಭಾಗದ ಎಷ್ಟೋ ಹುದ್ದೆಗಳಿಗೆ ಮೂಲನಿವಾಸಿ ಅಭ್ಯರ್ಥಿಗಳನ್ನೇ ಮೊದಲು ನೋಡುತ್ತಾರೆ, ನೋಡಲೇಬೇಕು. ಕಾಯಮ್ಮೇ ಅಂದರೆ, ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 2013ರಲ್ಲೇ ಈ ಕೆಲಸವನ್ನೆಲ್ಲ ಫಸ್ಟ್ ನೇಷನ್ಸ್ ಆರೋಗ್ಯ ಪ್ರಾಧಿಕಾರ ವಹಿಸಿಕೊಂಡಿತು. ಉಳಿದ ಕಡೆಯೂ ಹಾಗೆಯೇ ಆದರೆ ನನ್ನ ಕುರ್ಚಿ ಖಾಲಿ ಆಗುತ್ತದೆ, ಆಗ ತಿಪಟೂರಿಗೆ ಬಂದು ತೆಂಗಿನ ತೋಟ ನೋಡಿಕೊಳ್ಳುತ್ತೇನೆ.

ಸಂಬಳದ ಪಟ್ಟಿ ಸರ್ಕಾರದ ಜಾಲತಾಣದಲ್ಲೇ ಇದೆ, ‘ಇಸಿ’ (ಅರ್ಥಶಾಸ್ತ್ರ ಮತ್ತು ಸಮಾಜವಿಜ್ಞಾನ ಸೇವೆ) ವರ್ಗದ ಕೆಳಗೆ ನೋಡಿ. ನನ್ನದು ಎಷ್ಟನೇ ಸಾಲು ಎಂದು ಹೇಳುವುದಿಲ್ಲ. ಈ ಪತ್ರಿಕೆಯನ್ನು ನಮ್ಮ ಅತ್ತೆಯವರೂ ತರಿಸುತ್ತಾರೆ.