ಚಿಪ್ಪನ್ನು ಮರಳಿನಿಂದ ಬೇರೆ ಮಾಡಬೇಡಿ

ಆತ್ಮೀಯರೆ,

ಮಂಗಳೂರಿನ ತಣ್ಣೀರುಬಾವಿ ಕಡಲತೀರದಲ್ಲಿ ಹೆಕ್ಕಿದ, ಅಂಗಿಯ ಗುಂಡಿಯಷ್ಟಿರುವ ಕಡಲ ಬಸವನಹುಳುವಿನ (ವೈಜ್ಞಾನಿಕ ಹೆಸರು ಅಂಬೋನಿಯಂ ವೆಸ್ಟಿಯೇರಿಯಂ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಕೈಬಿಡುವಂಥ ಲೇಖನವೂ ಅಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಪುಟವಿಡೀ ಸೂರ್ಯಾಸ್ತ. ಅದನ್ನು ಪೂರ್ತಿ ತೆಗೆಯಿರಿ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಈ ಹುಳುವಿಗೆ ಹೆಸರಿಟ್ಟದ್ದು ಒಂದು ವಾಕ್ಯದಲ್ಲಿ ಮುಗಿಯುವ ಸಂಗತಿ.

ನನ್ನ ದೊಡ್ಡ ತಕರಾರು ‘ಚಿಪ್ಪಿನ ಲಕ್ಷಣಗಳು’, ‘ಆವಾಸ’ ಎಂದು ನೀವು ಮಾಡಿದ ಎರಡು ಭಾಗಗಳ ಬಗ್ಗೆ. ಅಂಬೋನಿಯಂ ವೆಸ್ಟಿಯೇರಿಯಂನ ಚಿಪ್ಪು ಹಾಗೇಕಿದೆ ಎಂಬುದಕ್ಕೆ ಉತ್ತರ ಅದು ಬದುಕುವ ಮರಳಿನಲ್ಲೇ ಇದೆ. ಚಪ್ಪಟೆ ಆಕಾರ, ತಗ್ಗಾದ ಶಿಖರ, ಮುಳ್ಳು ಏಣುಗಳಿಲ್ಲದ ನುಣುಪು ಮೈ: ಅಲೆ ಕದಡುವ ಮರಳಿನೊಳಗೆ ಬೇಗನೆ ಹೂತುಕೊಳ್ಳಲು ಹೇಳಿ ಮಾಡಿಸಿದ ಮೈಕಟ್ಟು ಅದು. ಮಗುಚಿ ನೋಡಿದರೆ ಹೊಕ್ಕುಳ ಕುಳಿ (ಚಿಪ್ಪಿನ ಅಡಿಯ ನಡುವಿನ ಗುಳಿ) ಇರಬೇಕಾದಲ್ಲಿ ಹೊಳೆಯುವ ದಪ್ಪ ಪದರವಿದೆ. ಗುರುತು ಹಿಡಿಯಲು ನೆರವಾಗುವ ಮುಖ್ಯ ಕುರುಹು ಇದು. ನಿಮ್ಮಲ್ಲಿ ಇದರ ಪ್ರಸ್ತಾಪವೇ ಇಲ್ಲ. ಬಣ್ಣಗಳಿಗೆ ಮಾತ್ರ ವಿಶೇಷಣಗಳ ಸುರಿಮಳೆ!

ಇದು ಬಂಡೆಯ ಪಾಚಿ ಕೆರೆದು ತಿನ್ನುತ್ತದೆ ಎಂದಿದ್ದೀರಿ. ತಪ್ಪು. ಸೋಮೇಶ್ವರದ ಬಂಡೆಗಳಿಗೆ ಅಂಟಿಕೊಂಡಿರುವ ಬಸವನಹುಳುಗಳ ಕ್ರಮ ಅದು. ಇದು ಮರಳಿನಲ್ಲಿ ಹೂತುಕೊಂಡೇ ಕೊಳವೆಯಂಥ ಅಂಗದಿಂದ ನೀರನ್ನು ಒಳಗೆಳೆದು, ಕಿವಿರಿನಲ್ಲಿ ಸೋಸಿ, ಸೂಕ್ಷ್ಮ ಆಹಾರವನ್ನು ತಿನ್ನುತ್ತದೆ. ನಮ್ಮೂರಿನವರಿಗೆ ಚೆನ್ನಾಗಿ ಗೊತ್ತಿರುವ, ಎರಡು ಚಿಪ್ಪುಗಳ ಮರುವಾಯಿಯೂ ನೀರು ಸೋಸಿಯೇ ಬದುಕುವುದು. ಬಸವನಹುಳುಗಳಲ್ಲಿ ಈ ಕ್ರಮ ಅಪರೂಪ. ಇದನ್ನು ಬಿಟ್ಟರೆ ಓದುಗರಿಗೆ ಏನು ಕೊಟ್ಟಂತಾಯಿತು?

ಇನ್ನು ನೀವು ಕಳಿಸಿದ ಕೊನೆಯ ಚಿತ್ರ. ಚಿಪ್ಪಿನ ಮೇಲೊಂದು ದುಂಡಗಿನ ತೂತು. ‘ದಾರ ಪೋಣಿಸಲೆಂದು ಪ್ರಕೃತಿಯೇ ಕೊರೆದದ್ದು’ ಎಂಬ ಅಡಿಬರಹ. ಹಿಗ್ಗಿಸಿ ನೋಡಿದೆ: ಹೊರಗೆ ಅಗಲ, ಒಳಕ್ಕೆ ಹೋದಂತೆ ಕಿರಿದು, ಅಂಚು ಉಜ್ಜಿದಷ್ಟು ನಯ. ಮರಳಿನಡಿಯಲ್ಲೇ ಬೇಟೆಯಾಡುವ, ನ್ಯಾಟಿಸಿಡೀ ಕುಟುಂಬದ ಬಸವನಹುಳುಗಳು ಕೊರೆಯುವುದು ಹೀಗೆ. ಆಮ್ಲೀಯ ಸ್ರಾವದಿಂದ ಚಿಪ್ಪನ್ನು ಮೆದುಗೊಳಿಸಿ, ಸಣ್ಣ ಹಲ್ಲುಗಳ ಪಟ್ಟಿಯಿಂದ ಕೆರೆದು, ತೂತಾದ ಮೇಲೆ ಒಳಗಿನ ಜೀವವನ್ನು ತಿನ್ನುತ್ತವೆ. ಒಂದು ಕೊಲೆಯ ಸಾಕ್ಷಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನೀವು ಸೂರ್ಯಾಸ್ತ ಬರೆದಿದ್ದೀರಿ. ಲೇಖನ ಈ ತೂತಿನಿಂದಲೇ ಆರಂಭವಾಗಲಿ.

ನೀವು ನೋಡಿದ್ದೆಲ್ಲ ಅಲೆ ದಡಕ್ಕೆಸೆದ ಖಾಲಿ ಚಿಪ್ಪುಗಳು; ಬರವಣಿಗೆಯಲ್ಲಿ ಅದು ಗೊತ್ತಾಗುತ್ತದೆ. ಮಳೆಗಾಲದ ಅಬ್ಬರ ಇಳಿದ ಮೇಲೆ, ಹುಣ್ಣಿಮೆಯೋ ಅಮಾವಾಸ್ಯೆಯೋ ಹತ್ತಿರವಿರುವಾಗ, ಇಳಿತದ ಹೊತ್ತು ನೋಡಿಕೊಂಡು ಹೋಗಿ. ಆಗ ಕಡಲು ಹೆಚ್ಚು ಹಿಂದೆ ಸರಿದಿರುತ್ತದೆ. ಒದ್ದೆ ಮರಳನ್ನು ಬೊಗಸೆಯಲ್ಲಿ ತೆಗೆದು ನೀರಿನಲ್ಲಿ ಜಾಲಿಸಿ. ಜೀವಂತ ಹುಳು ಸಿಕ್ಕಿದರೆ ಮತ್ತೆ ಮರಳಿನ ಮೇಲಿಟ್ಟು, ಅದು ಹೂತುಕೊಳ್ಳುವ ತನಕ ಕಾದು, ಕಂಡದ್ದನ್ನು ಅಲ್ಲೇ ಬರೆದುಕೊಳ್ಳಿ. ಖಾಲಿ ಚಿಪ್ಪುಗಳನ್ನು ಚೀಲದಲ್ಲಿ ತುಂಬಿ ತರುವುದು ಬೇಡ, ಖಾಲಿ ಚಿಪ್ಪುಗಳಲ್ಲಿ ವಾಸಿಸುವ ಸನ್ಯಾಸಿ ಏಡಿಗಳಿಗೆ ಅವು ಬೇಕು.

ಹೊಸ ಲೇಖನ 700 ಪದ ಮೀರದಿರಲಿ. ತೂತಿನ ಚಿತ್ರವನ್ನು ಉಳಿಸಿಕೊಳ್ಳೋಣ, ಅಡಿಬರಹವನ್ನು ಬದಲಿಸಿ ಕಳಿಸಿ.

ಇಂತಿ,
ಸಂಪಾದಕ