ಘಾಟಿ ಹತ್ತಲಾರದ ಹಳೆಯ ಷೆವರ್ಲೆ: ಶಕ್ತಿ ಹೆಚ್ಚಿಸುವ ಮೊದಲು

ಪ್ರಶ್ನೆ: ನಮ್ಮ ಅಜ್ಜ ಕೊಂಡಿದ್ದ 1948ರ ಷೆವರ್ಲೆ ಫ್ಲೀಟ್‌ಮಾಸ್ಟರ್ ಕಾರು ಇನ್ನೂ ಓಡುತ್ತಿದೆ. ಎಂಜಿನ್ ಮೂಲದ್ದೇ, ಆರು ಸಿಲಿಂಡರಿನದು. ಊರಿನಿಂದ ಸುಳ್ಯದವರೆಗೆ ತಕರಾರಿಲ್ಲ. ಸಂಪಾಜೆ ದಾಟಿ ಮಡಿಕೇರಿಯತ್ತ ಏರುವಾಗ ನಾಲ್ಕು ಜನ ಕುಳಿತಿದ್ದರೆ ಎರಡನೇ ಗೇರಿನಲ್ಲೂ ಎಳೆಯುವುದಿಲ್ಲ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಕೆರೆಸಿ ಕಂಪ್ರೆಶನ್ (ಸಿಲಿಂಡರಿನೊಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ) ಏರಿಸಿ, ಎರಡು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲು ಬೆರೆಸುವ ಭಾಗ) ಹಾಕಿಸಿದರೆ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಮಾಡಿಸಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಈ ಎಂಜಿನಿನ ತಳಭಾಗವನ್ನು ಅರ್ಥಮಾಡಿಕೊಳ್ಳಿ. ಶಕ್ತಿಯ ಮಿತಿ ನಿರ್ಧಾರವಾಗುವುದು ಅಲ್ಲಿ.

ನಿಮ್ಮದು 216 ಘನ ಅಂಗುಲದ, ಅಂದರೆ ಸುಮಾರು 3.5 ಲೀಟರಿನ ಎಂಜಿನ್. ಹೊಸದರಲ್ಲಿ ನಿಮಿಷಕ್ಕೆ 3,300 ಸುತ್ತಿನಲ್ಲಿ 90 ಅಶ್ವಶಕ್ತಿ ಕೊಡುತ್ತಿತ್ತು. ಪಿಸ್ಟನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಇದರ ಕನೆಕ್ಟಿಂಗ್ ರಾಡುಗಳಿಗೆ ಇಂದಿನ ಎಂಜಿನುಗಳಂತೆ ಪಂಪಿನ ಒತ್ತಡದಲ್ಲಿ ಎಣ್ಣೆ ಹೋಗುವುದಿಲ್ಲ. ಪಂಪು ಎಣ್ಣೆಯನ್ನು ಒತ್ತಡದಲ್ಲಿ ಕಳಿಸುವುದು ಮುಖ್ಯವಾಗಿ ಕ್ರ್ಯಾಂಕ್‌ಶಾಫ್ಟನ್ನು ಹೊರುವ ಮೇನ್ ಬೇರಿಂಗ್ ಮತ್ತು ವಾಲ್ವ್ ನಡೆಸುವ ಕ್ಯಾಮಿನ ಬೇರಿಂಗುಗಳಿಗೆ. ಪ್ರತಿ ರಾಡಿನ ಅಡಿಯಲ್ಲಿ ಒಂದು ಸಣ್ಣ ಚಮಚದಂಥ ಭಾಗವಿದೆ. ನಿಧಾನವಾಗಿ ತಿರುಗುವಾಗ ಅದು ಕೆಳಗಿನ ತೊಟ್ಟಿಯ ಎಣ್ಣೆಯನ್ನು ಗೋರುತ್ತದೆ. ವೇಗ ಹೆಚ್ಚಿದಾಗ ನಳಿಕೆಗಳಿಂದ ಚಿಮ್ಮುವ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಬೇರಿಂಗು ರಾಡಿಗೇ ಎರಕ ಹೊಯ್ದ ವೈಟ್‌ಮೆಟಲ್ ಎಂಬ ಮಿಶ್ರಲೋಹ. ಪಿಸ್ಟನ್ ಎರಕದ ಕಬ್ಬಿಣದ್ದು, ಬಹಳ ಭಾರ. ಸುತ್ತು ಹೆಚ್ಚಿದಷ್ಟೂ ಆ ಭಾರದ ಎಳೆತವೆಲ್ಲ ಮೆತ್ತನೆಯ ವೈಟ್‌ಮೆಟಲ್ ಮೇಲೆ ಬೀಳುತ್ತದೆ. ಇಂಥ ಎಂಜಿನನ್ನು ಜೋರಾಗಿ ತಿರುಗಿಸಿ ಶಕ್ತಿ ತೆಗೆಯಲು ಹೋದರೆ ಮೊದಲು ಹೋಗುವುದು ರಾಡ್ ಬೇರಿಂಗ್. ವೈಟ್‌ಮೆಟಲ್ ಹೊಯ್ದು ಕೈಯಿಂದ ಸ್ಕ್ರೇಪ್ ಮಾಡಿ ಕೂರಿಸಬಲ್ಲ ಕುಶಲಿಗರು ಮಂಗಳೂರಿನಲ್ಲೂ ಈಗ ಸುಲಭವಾಗಿ ಸಿಗುವುದಿಲ್ಲ.

ಇನ್ನು ಹೆಡ್ ಕೆರೆಸುವ ಮಾತು. ಈ ಎಂಜಿನಿನ ಕಂಪ್ರೆಶನ್ ಅನುಪಾತ 6.5, ಅಂದರೆ ಪಿಸ್ಟನ್ ಕೆಳಗಿರುವಾಗಿನ ಜಾಗ ಮೇಲಿರುವಾಗಿನದರ ಆರೂವರೆ ಪಟ್ಟು. ಒಂದೊಂದು ಸಿಲಿಂಡರಿನ ಗಾತ್ರ 591 ಸಿಸಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 107 ಸಿಸಿ. ಅನುಪಾತವನ್ನು 7.5ಕ್ಕೆ ಏರಿಸಬೇಕಾದರೆ ಆ ಜಾಗ 91 ಸಿಸಿಗೆ ಇಳಿಯಬೇಕು. ಇಂದಿನ ಪೆಟ್ರೋಲು ಇಷ್ಟನ್ನು ಬಡಿತವಿಲ್ಲದೆ (ಮಿಶ್ರಣ ತಾನಾಗಿ ಸಿಡಿಯದೆ) ತಡೆದುಕೊಳ್ಳುತ್ತದೆ, ನಿಜ. ಆದರೆ ಲಾಭವೆಷ್ಟು? ಲೆಕ್ಕದ ಪ್ರಕಾರ ಶೇಕಡಾ ಐದರ ಆಸುಪಾಸು, ಅಂದರೆ ನಾಲ್ಕೈದು ಅಶ್ವಶಕ್ತಿ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಗಾಳಿ ತೆಳುವಾಗುವ ಕಾರಣಕ್ಕೇ ಶೇಕಡಾ ಹತ್ತರಷ್ಟು ಶಕ್ತಿ ಇಳಿಯುತ್ತದೆ. ಮಡಿಕೇರಿ ಅದಕ್ಕಿಂತಲೂ ಎತ್ತರದಲ್ಲಿದೆ. ಕೆರೆಸಿದ ಹೆಡ್ಡಿನಿಂದ ಸಿಗುವುದು ಘಾಟಿ ಕಸಿದುಕೊಳ್ಳುವುದರ ಅರ್ಧದಷ್ಟೂ ಆಗದು.

ಎರಡು ಕಾರ್ಬುರೇಟರಿನ ಆಸೆಯ ಹಿಂದೆ ಒಂದು ಸತ್ಯವಿದೆ. ಈ ಹೆಡ್ಡಿನಲ್ಲಿ ಆರು ಸಿಲಿಂಡರುಗಳಿಗೆ ಗಾಳಿ ಒಳಹೋಗುವ ದಾರಿಗಳು ಮೂರೇ. ಎರಡೆರಡು ಸಿಲಿಂಡರುಗಳು ಒಂದನ್ನು ಹಂಚಿಕೊಳ್ಳುತ್ತವೆ. ಕಾರ್ಬುರೇಟರ್ ನಡುವೆ ಇರುವುದರಿಂದ ತುದಿಯ ಸಿಲಿಂಡರುಗಳಿಗೆ ಮಿಶ್ರಣ ಸಮನಾಗಿ ತಲಪುವುದಿಲ್ಲ. ಎರಡು ಕಾರ್ಬುರೇಟರ್ ಹಾಕಿದರೆ ಆ ಹಂಚಿಕೆ ಸುಧಾರಿಸುತ್ತದೆ. ಆದರೆ ಹೆಚ್ಚುವರಿ ಶಕ್ತಿ ಕಾಣುವುದು ಹೆಚ್ಚಿನ ಸುತ್ತಿನಲ್ಲಿ, ಅಂದರೆ ನಿಮ್ಮ ಎಂಜಿನ್ ಹೋಗಬಾರದ ಜಾಗದಲ್ಲಿ. ಘಾಟಿಯಲ್ಲಿ ನಿಮಗೆ ಬೇಕಾದದ್ದು ಕಡಿಮೆ ಸುತ್ತಿನ ಎಳೆತ.

ಹಾಗಾದರೆ ಏನು ಮಾಡಬೇಕು? ನಿಮ್ಮ ಎಂಜಿನ್ ಈಗ ಆ 90ರಲ್ಲಿ ಎಷ್ಟನ್ನು ಕೊಡುತ್ತಿದೆ ಎಂಬುದನ್ನು ಮೊದಲು ಪತ್ತೆಹಚ್ಚಿ. ನೀವು ಬರೆದ ಲಕ್ಷಣ ನೋಡಿದರೆ ಸಾಕಷ್ಟು ಸೋರಿಹೋಗಿದೆ ಎಂದೇ ನನಗೆ ಅನಿಸುತ್ತದೆ.

ಎಂಜಿನ್ ಬಿಸಿಯಿರುವಾಗ ಆರೂ ಪ್ಲಗ್ ಬಿಚ್ಚಿ, ಥ್ರಾಟಲ್ (ಗಾಳಿ ಬಿಡುವ ಕವಾಟ) ಪೂರ್ತಿ ತೆರೆದು, ಒಂದೊಂದೇ ಸಿಲಿಂಡರಿನ ಕಂಪ್ರೆಶನ್ ಅಳೆಯಿಸಿ ಬರೆದಿಟ್ಟುಕೊಳ್ಳಿ. ಅಂಕಿ ಎಷ್ಟು ಎಂಬುದಕ್ಕಿಂತ ಆರೂ ಹತ್ತಿರ ಹತ್ತಿರ ಇವೆಯೇ ಎಂಬುದು ಮುಖ್ಯ. ಯಾವುದಾದರೂ ಶೇಕಡಾ 15ಕ್ಕಿಂತ ಹೆಚ್ಚು ಕೆಳಗಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಮತ್ತು ಬೋರ್ ಸವೆದಿವೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ವಾಲ್ವ್ ಕೆಲಸಕ್ಕೆ ಹೆಡ್ ಬಿಚ್ಚುವುದಾದರೆ ಎಕ್ಸಾಸ್ಟ್ ಕಡೆಗೆ ಗಟ್ಟಿ ಲೋಹದ ಸೀಟ್ (ವಾಲ್ವ್ ಕೂರುವ ಬಳೆ) ಹಾಕಿಸಿ. ನಮ್ಮಲ್ಲಿ ಸೀಸದ ಪೆಟ್ರೋಲು 2000ದಲ್ಲೇ ನಿಂತಿತು; ಹಳೆಯ ಸೀಟುಗಳಿಗೆ ಆ ಸೀಸದ ರಕ್ಷಣೆ ಈಗಿಲ್ಲ, ಏರುದಾರಿಯ ಬಿಸಿಯಲ್ಲಿ ಬೇಗ ಸವೆಯುತ್ತವೆ.

ಆಮೇಲೆ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಸಮಯ. ಫ್ಲೈವೀಲಿನಲ್ಲಿ ಒಂದು ಉಕ್ಕಿನ ಗುಂಡು ಕೂರಿಸಿರುತ್ತಾರೆ. ಕಿಂಡಿಯಲ್ಲಿ ಅದು ಮುಳ್ಳಿಗೆ ಸರಿಯಾಗಿ ಬರುವಂತೆ ಹೊಂದಿಸಬೇಕು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಆಕ್ಟೇನ್ ಸೆಲೆಕ್ಟರ್ (ಪೆಟ್ರೋಲಿಗೆ ತಕ್ಕಂತೆ ಕಿಡಿಯ ಸಮಯ ಹೊಂದಿಸುವ ಭಾಗ) ಸೊನ್ನೆಯಲ್ಲಿರಬೇಕು. ಕಿವಿಯಲ್ಲಿ ಕೇಳಿ ಅಂದಾಜಿಗೆ ತಿರುಗಿಸಿದ ಡಿಸ್ಟ್ರಿಬ್ಯೂಟರ್ ಎಷ್ಟೋ ಕಾರುಗಳ ಎಳೆತ ಕಳೆದಿದೆ. ಕಿಡಿಯನ್ನು ತಾನಾಗಿ ಮುಂಚಿತಗೊಳಿಸುವ ವ್ಯಾಕ್ಯೂಮ್ ಅಡ್ವಾನ್ಸಿನ ಪೊರೆ ಹರಿದಿದೆಯೇ ಎಂದೂ ನೋಡಿಸಿ.

ಬಹಳ ಮಂದಿ ಮರೆಯುವ ಭಾಗ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನೊಳಗಿನ ಶಾಖದ ಕವಾಟ. ಚಳಿ ದೇಶದಲ್ಲಿ ಎಂಜಿನ್ ಬೇಗ ಬಿಸಿಯಾಗಲೆಂದು ಇಟ್ಟದ್ದು. ನಮ್ಮ ಕರಾವಳಿಯ ತೇವಕ್ಕೆ ತುಕ್ಕು ಹಿಡಿದು ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಹೊಗೆಯ ದಾರಿ ಕಟ್ಟುತ್ತದೆ, ಒಳಹೋಗುವ ಮಿಶ್ರಣ ವಿಪರೀತ ಕಾಯುತ್ತದೆ. ಕಾಸರಗೋಡಿನ ಸೆಖೆಗೆ ಅದು ತೆರೆದೇ ಇದ್ದರೆ ಏನೂ ನಷ್ಟವಿಲ್ಲ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಅದಕ್ಕೆ ಸುಮಾರು ಏಳೆಂಟು ಶೇಕಡಾ ಹೆಚ್ಚು ಇಂಧನ ಬೇಕು. 1948ರ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲು ಬರುವ ಸಣ್ಣ ತೂತು) ಅಷ್ಟನ್ನು ಕೊಡುವುದಿಲ್ಲ. ನಿಮ್ಮ ಕಾರ್ಟರ್ ಕಾರ್ಬುರೇಟರಿನಲ್ಲಿ ಜೆಟ್ಟಿನೊಳಗೆ ಕೂರುವ ಮೀಟರಿಂಗ್ ರಾಡನ್ನು ಸ್ವಲ್ಪ ತೆಳುವಾದದ್ದಕ್ಕೆ ಬದಲಿಸಿದರೆ ಘಾಟಿಯ ಎಳೆತದಲ್ಲಿ ವ್ಯತ್ಯಾಸ ಗೊತ್ತಾಗಬೇಕು. ಹಳೆಯ ರಬ್ಬರ್ ಕೊಳವೆ ಮತ್ತು ಪಂಪಿನ ಪೊರೆಯನ್ನೂ ಬದಲಿಸಿ. ಮಳೆಗಾಲದಲ್ಲಿ ಕಾರು ನಿಲ್ಲಿಸಿಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಎಥನಾಲ್ ನೀರು ಹೀರುತ್ತದೆ.

ಇಷ್ಟಾದ ಮೇಲೂ ಸಾಲದು ಎನಿಸಿದರೆ ಹಳೆಯ ತಳಭಾಗದ ಮೇಲೆ ಭಾರ ಹೇರಬೇಡಿ. 1954ರಿಂದ ಬಂದ 235 ಘನ ಅಂಗುಲದ ಷೆವರ್ಲೆ ಎಂಜಿನಿನಲ್ಲಿ ರಾಡುಗಳಿಗೂ ಒತ್ತಡದಲ್ಲಿ ಎಣ್ಣೆ ಬರುತ್ತದೆ, ಬದಲಿಸಬಹುದಾದ ಬೇರಿಂಗ್ ಇದೆ, ಪಿಸ್ಟನ್ ಅಲ್ಯೂಮಿನಿಯಂನದು. ಸಾಧಾರಣ ಸ್ಥಿತಿಯಲ್ಲೇ 115 ಅಶ್ವಶಕ್ತಿಗಿಂತ ಕಡಿಮೆಯಿಲ್ಲ. ಎರಡು ಕಾರ್ಬುರೇಟರ್, ಕೆರೆಸಿದ ಹೆಡ್ ಎಲ್ಲ ಅದಕ್ಕೆ ಸಲ್ಲುತ್ತವೆ.

ಆದರೆ ಕಾನೂನು ನೋಡಿಕೊಳ್ಳಿ. ಎಂಜಿನ್ ಬದಲಿಸಲು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಸಾರಿಗೆ ಕಚೇರಿಯ ಅನುಮತಿ ಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮದಂತೆ ‘ವಿಎ’ ಸಂಖ್ಯೆ ಸಿಗುವುದು ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದ ವಾಹನಕ್ಕೆ. ಆ ಸಂಖ್ಯೆ ಬೇಕೆಂದಿದ್ದರೆ ಮೂಲ ಎಂಜಿನನ್ನು ಮುಟ್ಟಬೇಡಿ. ನನ್ನ ಕೈಯಲ್ಲಿದ್ದರೆ ಅಜ್ಜನ ಎಂಜಿನನ್ನೇ ಉಳಿಸಿಕೊಳ್ಳುತ್ತಿದ್ದೆ.

ಕೊನೆಗೆ ಬ್ರೇಕು. ನಿಮ್ಮದು ನಾಲ್ಕೂ ಚಕ್ರಕ್ಕೆ ಡ್ರಮ್, ಒಂದೇ ಹೈಡ್ರಾಲಿಕ್ ಸಾಲು. ಒಂದು ಕೊಳವೆ ಒಡೆದರೆ ಪೆಡಲು ಪೂರ್ತಿ ಕೆಳಗಿಳಿಯುತ್ತದೆ. ಎಂಜಿನಿಗೆ ಕೈಹಾಕುವ ಮೊದಲೇ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳು, ಕೊಳವೆಗಳನ್ನು ಹೊಸದಾಗಿಸಿ. ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ. ಆರು ಸಿಲಿಂಡರುಗಳ ಕಂಪ್ರೆಶನ್ ಅಂಕಿ ಸಿಕ್ಕಿದ ಮೇಲೆ ನನಗೆ ಬರೆಯಿರಿ. ಹೆಡ್ ಬಿಚ್ಚಬೇಕೋ ಬೇಡವೋ ಎಂಬುದನ್ನು ಅವುಗಳನ್ನು ನೋಡಿ ಹೇಳುತ್ತೇನೆ.