ಓದಿದರೆ ಅರ್ಥವಾಗುತ್ತದೆ, ಲೆಕ್ಕ ಮಾತ್ರ ಬರುವುದಿಲ್ಲ

ಪ್ರಶ್ನೆ: ಶಾಲೆಯ ಕೊನೆಯ ಪರೀಕ್ಷೆ ಮುಗಿದು ಮೂರು ವಾರವಾಯಿತು. ಕಾಲೇಜಿನಲ್ಲಿ ಗಣಿತ ತಗೊಳ್ಳಲೋ ಜೀವಶಾಸ್ತ್ರವೋ ಎಂದು ಇನ್ನು ಐದು ವಾರದೊಳಗೆ ಅರ್ಜಿಯಲ್ಲಿ ಬರೆಯಬೇಕು. ಗಣಿತದಲ್ಲಿ ಒಳ್ಳೆಯ ಅಂಕ ಬರುತ್ತಿತ್ತು. ಅದಕ್ಕೇ ಮೊದಲ ವರ್ಷದ ಕ್ಯಾಲ್ಕುಲಸ್ ಪುಸ್ತಕ ಹಿಡಿದು ದಿನಕ್ಕೆ ಐದು ಗಂಟೆ ಓದುತ್ತಿದ್ದೇನೆ. ಓದುವಾಗ ಎಲ್ಲ ಅರ್ಥವಾಗುತ್ತದೆ, ಅಭ್ಯಾಸದ ಲೆಕ್ಕಕ್ಕೆ ಬಂದರೆ ಕೈಯೇ ಓಡುವುದಿಲ್ಲ. ಲಿಮಿಟ್ ಅಧ್ಯಾಯದಲ್ಲೇ ಸಿಕ್ಕಿಬಿದ್ದಿದ್ದೇನೆ. ಅಪ್ಪ ‘ರಜೆಯಲ್ಲಿ ಸುಮ್ಮನಿರು’ ಅನ್ನುತ್ತಾರೆ, ಅಮ್ಮ ‘ಕಷ್ಟವಾದರೆ ಜೀವಶಾಸ್ತ್ರ ತಗೋ’ ಅನ್ನುತ್ತಾರೆ. ಗಣಿತ ನನಗೆ ಆಗಿಬರುವುದಿಲ್ಲವೇ?

ಉತ್ತರ: ಆ ತೀರ್ಪು ಈಗಲೇ ಬೇಡ. ಲೆಕ್ಕ ಬಾರದಿರುವುದು ನೀವು ಓದುತ್ತಿರುವ ರೀತಿಯ ತೊಂದರೆ. ಯಾವ ವಿಷಯ ತಗೊಳ್ಳಬೇಕು ಎಂಬುದು ಬೇರೆಯೇ ಮಾತು. ಮೊದಲನೆಯದನ್ನು ಸರಿಮಾಡಿಕೊಳ್ಳದೆ ಎರಡನೆಯದಕ್ಕೆ ಕೈಹಾಕಬೇಡಿ.

‘ಓದುವಾಗ ಎಲ್ಲ ಅರ್ಥವಾಗುತ್ತದೆ’ ಅಂದಿರಲ್ಲ, ಎಡವಟ್ಟಾಗಿರುವುದು ಅಲ್ಲೇ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿ ಓದಿದರು. ಇನ್ನು ಕೆಲವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು: 83 ಶೇಕಡಾ, ಬರೆದವರು 71. ವಾರ ಕಳೆದು ಕೇಳಿದಾಗ ಓದಿದವರು 40ಕ್ಕೆ ಕುಸಿದಿದ್ದರು, ಬರೆದವರು 61ರಲ್ಲಿದ್ದರು. ಆದರೂ ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ನಂಬಿದ್ದವರು ಓದಿದವರೇ! ಬಿಡಿಸಿಟ್ಟ ಉದಾಹರಣೆಯ ಮೇಲೆ ಕಣ್ಣಾಡಿಸಿದಾಗ ನಿಮಗಾಗುತ್ತಿರುವುದೂ ಇದೇ ನಂಬಿಕೆ.

ಇನ್ನು ಲಿಮಿಟ್, ಅಂದರೆ ಮಿತಿ: ಎಕ್ಸ್ ಒಂದು ಬೆಲೆಯ ಹತ್ತಿರ ಹೋದಂತೆ ಉತ್ತರ ಯಾವ ಬೆಲೆಯ ಹತ್ತಿರ ಹೋಗುತ್ತದೆ ಎಂಬುದು. ಅಲ್ಲಿ ಸಿಕ್ಕಿಬೀಳುವವರಲ್ಲಿ ಬಹಳ ಮಂದಿಗೆ ಅಡ್ಡ ಬರುವುದು ಕ್ಯಾಲ್ಕುಲಸ್ ಅಲ್ಲ, ಹಳೆಯ ಬೀಜಗಣಿತ. ಎಕ್ಸ್ 2ರ ಹತ್ತಿರ ಹೋದಂತೆ 3ಎಕ್ಸ್ + 1ರ ಮಿತಿ 7 ಎಂದು ಸಾಧಿಸಬೇಕು ಅನ್ನಿ. 7 ಕಳೆದರೆ ಉಳಿಯುವುದು 3ಎಕ್ಸ್ − 6, ಅಂದರೆ ಎಕ್ಸ್ − 2ರ ಮೂರು ಪಟ್ಟು. ಉತ್ತರ 7ರಿಂದ ಎಷ್ಟು ದೂರದೊಳಗೆ ಇರಬೇಕೋ ಅದು ಎಪ್ಸಿಲಾನ್, ಅದಕ್ಕಾಗಿ ಎಕ್ಸ್ 2ರಿಂದ ಎಷ್ಟು ದೂರದೊಳಗೆ ಇರಬೇಕೋ ಅದು ಡೆಲ್ಟಾ. ಹಾಗಾಗಿ ಡೆಲ್ಟಾ ಎಂದರೆ ಎಪ್ಸಿಲಾನ್‌ನ ಮೂರನೇ ಒಂದು ಪಾಲು, ಮುಗಿಯಿತು. ಎಕ್ಸ್ ವರ್ಗಕ್ಕೆ 3ರ ಬಳಿ ಮಿತಿ 9 ಎಂದು ಸಾಧಿಸುವಾಗ ಮಾತ್ರ ಕೈ ನಿಲ್ಲುತ್ತದೆ. ಅಲ್ಲಿ 9 ಕಳೆದರೆ ಎಕ್ಸ್ − 3ರ ಜೊತೆಗೆ ಎಕ್ಸ್ + 3 ಕೂಡ ಗುಣಿಸಿಕೊಂಡು ಬರುತ್ತದೆ, ಅದರ ಬೆಲೆಯೋ ಒಂದೇ ಕಡೆ ನಿಲ್ಲುವುದಿಲ್ಲ. ಅದನ್ನು ಮೊದಲು ಕಟ್ಟಿಹಾಕಬೇಕು: ಎಕ್ಸ್ 3ರಿಂದ 1ಕ್ಕಿಂತ ಕಡಿಮೆ ದೂರದಲ್ಲಿದ್ದರೆ ಎಕ್ಸ್ + 3 ಏಳನ್ನು ದಾಟದು. ಆಗ 1 ಮತ್ತು ಎಪ್ಸಿಲಾನ್‌ನ ಏಳನೇ ಒಂದು ಪಾಲು, ಇವೆರಡರಲ್ಲಿ ಚಿಕ್ಕದು ಡೆಲ್ಟಾ. ಈ ‘ಏಳನ್ನು ದಾಟದು’ ಎಂಬುದು ಹೇಗೆ ಬಂತೆಂದು ತಕ್ಷಣ ಹೊಳೆಯದಿದ್ದರೆ ನಿಮ್ಮ ರೋಗ ಗೊತ್ತಾದಂತೆ: ಮಾಡ್ಯುಲಸ್ (ಚಿಹ್ನೆ ಬಿಟ್ಟ ಬೆಲೆ) ಮತ್ತು ಅಸಮತೆಗಳು (ಇದಕ್ಕಿಂತ ಅದು ಹೆಚ್ಚು, ಕಡಿಮೆ ಎನ್ನುವ ಲೆಕ್ಕಗಳು). ಹಳೆಯ ಪುಸ್ತಕದಿಂದ ಅಂಥ ಇಪ್ಪತ್ತು ಲೆಕ್ಕ ಆರಿಸಿ ಬಿಡಿಸಿ. ಐದಕ್ಕಿಂತ ಹೆಚ್ಚು ತಪ್ಪಿದರೆ ಒಂದು ವಾರ ಕ್ಯಾಲ್ಕುಲಸ್ ಮುಟ್ಟಬೇಡಿ, ಇದನ್ನೇ ಮಾಡಿ. ಹಿಂದಕ್ಕೆ ಹೋದಂತೆ ಅನ್ನಿಸುತ್ತದೆ, ಅನ್ನಿಸಲಿ.

ಆಮೇಲೆ ದಿನಕ್ಕೆ ಐದು ಗಂಟೆ ಬೇಡ. ಗಣಿತಕ್ಕೆ ಒಂದೂವರೆ ಗಂಟೆ ಸಾಕು, ಅದರಲ್ಲಿ ಓದುವುದು ಅರ್ಧ ಗಂಟೆ ಮೀರಬಾರದು. ಉದಾಹರಣೆಯ ಉತ್ತರವನ್ನು ಹಾಳೆಯಿಂದ ಮುಚ್ಚಿ, ಮೊದಲ ಸಾಲು ನೀವೇ ಬರೆದು, ಆಮೇಲೆ ಒಂದು ಸಾಲು ಮಾತ್ರ ಸರಿಸಿ ನೋಡಿ. ಲೆಕ್ಕದಲ್ಲಿ ಸಿಕ್ಕಿಕೊಂಡರೆ ಇಪ್ಪತ್ತು ನಿಮಿಷ ಒದ್ದಾಡಿ. ಅದಕ್ಕೂ ಮೊದಲೇ ಉತ್ತರ ನೋಡಿದರೆ ಏನೂ ಕಲಿಯುವುದಿಲ್ಲ, ಎರಡು ಗಂಟೆ ಎಳೆದರೆ ಮರುದಿನ ಪುಸ್ತಕ ತೆರೆಯಲು ಮನಸ್ಸೇ ಬರುವುದಿಲ್ಲ. ನೋಡಿ ಬಿಡಿಸಿದ ಲೆಕ್ಕಕ್ಕೆ ಗುರುತು ಹಾಕಿ ಮರುದಿನ, ನಾಲ್ಕನೇ ದಿನ, ಹತ್ತನೇ ದಿನ ಖಾಲಿ ಹಾಳೆಯಲ್ಲಿ ಮತ್ತೆ ಬಿಡಿಸಿ. ಪ್ರತಿ ತಪ್ಪಿನ ಪಕ್ಕ ಕಾರಣ ಬರೆಯಿರಿ: ವಿಚಾರವೇ ತಿಳಿದಿರಲಿಲ್ಲವೋ, ಬೀಜಗಣಿತ ಜಾರಿತೋ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲವೋ. ‘ಅಜಾಗರೂಕತೆ’ ಎಂದು ಬರೆದುಕೊಂಡರೆ ಉಪಯೋಗವಿಲ್ಲ, ಅದು ಏನನ್ನೂ ಹೇಳುವುದಿಲ್ಲ.

ಇನ್ನು ಆಯ್ಕೆ. ಅಮ್ಮನ ಮಾತಿನಲ್ಲಿ ಜೀವಶಾಸ್ತ್ರ ಸುಲಭ ಎಂಬ ಊಹೆ ಅಡಗಿದೆ. ಅದನ್ನು ಪರೀಕ್ಷಿಸಿಯೇ ನೋಡಿ. ಎರಡನೇ ವಾರದಿಂದ ಮೂರು ವಾರ, ಅದಕ್ಕೂ ದಿನಕ್ಕೆ ಒಂದೂವರೆ ಗಂಟೆ ಕೊಡಿ, ಅದೂ ಕಾಲೇಜು ಪುಸ್ತಕದಿಂದಲೇ. ಪುಸ್ತಕ ಮುಚ್ಚಿ, ನಾಲ್ಕು ಕ್ರೋಮೋಸೋಮ್‌ಗಳಿರುವ ಕೋಶದ ಮಿಯೋಸಿಸ್ (ಅಂಡಾಣು, ವೀರ್ಯಾಣುಗಳನ್ನು ಕೊಡುವ ಕೋಶವಿಭಜನೆ) ಚಿತ್ರ ಬರೆಯಿರಿ. ಮೊದಲ ವಿಭಜನೆಯ ಕೊನೆಗೆ ಒಂದೊಂದು ಕೋಶದಲ್ಲಿ ಎರಡು ಕ್ರೋಮೋಸೋಮ್ ಮಾತ್ರ ಇರಬೇಕು, ಆದರೆ ಒಂದೊಂದರಲ್ಲೂ ಎರಡೆರಡು ಎಳೆ. ಬಹಳಷ್ಟು ಮಂದಿ ತಪ್ಪುವುದು ಇಲ್ಲೇ. ಆಮೇಲೆ ಎರಡು ಗುಣಗಳನ್ನು ಒಟ್ಟಿಗೆ ನೋಡುವ ತಳಿಸಂಕರದಲ್ಲಿ 9:3:3:1 ಅನುಪಾತ ಎಲ್ಲಿಂದ ಬಂತು, ಎರಡು ಜೀನ್‌ಗಳು ಒಂದೇ ಕ್ರೋಮೋಸೋಮ್‌ನಲ್ಲಿ ಅಕ್ಕಪಕ್ಕ ಇದ್ದರೆ ಅದು ಏಕೆ ಕೆಡುತ್ತದೆ ಎಂದು ನಿಮ್ಮದೇ ಮಾತಿನಲ್ಲಿ ಬರೆಯಿರಿ.

ದಿನದ ಕೊನೆಗೆ ಎರಡೇ ಸಾಲು ಬರೆದಿಡಿ: ಇವತ್ತು ಎಲ್ಲಿ ಸಿಕ್ಕಿಕೊಂಡೆ, ಪುಸ್ತಕ ಮುಚ್ಚಿದ ಮೇಲೂ ತಲೆಯಲ್ಲಿ ಉಳಿದದ್ದು ಯಾವುದು. ಐದನೇ ವಾರ ಆ ಪುಟಗಳನ್ನು ಒಟ್ಟಿಗೆ ಓದಿ. ನನ್ನ ಪ್ರಕಾರ ಸುಲಭವಾಗಿ ಬಂದ ವಿಷಯಕ್ಕಿಂತ, ಸಿಕ್ಕಿಕೊಂಡಾಗಲೂ ಮರುದಿನ ನೀವಾಗಿಯೇ ಹೋಗಿ ಕೂತ ವಿಷಯಕ್ಕೆ ಹೆಚ್ಚು ಬೆಲೆ. ಎರಡು ವಿಷಯಗಳ ಮೂರನೇ ವರ್ಷದ ಪಠ್ಯಕ್ರಮವನ್ನೂ ತೆಗೆದು ನೋಡಿ: ಗಣಿತದಲ್ಲಿ ಲೆಕ್ಕ ಕಡಿಮೆಯಾಗಿ ಪ್ರಮೇಯಗಳನ್ನು ಸಾಧಿಸಿ ತೋರಿಸುವುದೇ ತುಂಬಿಕೊಳ್ಳುತ್ತದೆ, ಜೀವಶಾಸ್ತ್ರದೊಳಗೆ ರಸಾಯನಶಾಸ್ತ್ರವೂ ಸಂಖ್ಯಾಶಾಸ್ತ್ರವೂ ನುಗ್ಗಿರುತ್ತವೆ.

ಅಪ್ಪನ ಮಾತೂ ಪೂರ್ತಿ ತಪ್ಪಲ್ಲ. ವಾರಕ್ಕೊಂದು ದಿನ ಪುಸ್ತಕ ಮುಟ್ಟಬೇಡಿ. ಆ ಬಿಡುವಿನ ದಿನವೇ ಕಾಲೇಜಿಗೆ ಒಂದು ಪತ್ರ ಬರೆಯಿರಿ: ಮೊದಲ ವರ್ಷದ ನಂತರ ವಿಷಯ ಬದಲಾಯಿಸಬಹುದೇ, ಯಾವ ದಿನಾಂಕದೊಳಗೆ, ಮುಗಿಸಿದ ಪತ್ರಿಕೆಗಳಲ್ಲಿ ಎಷ್ಟು ಲೆಕ್ಕಕ್ಕೆ ಸಿಗುತ್ತವೆ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲೇ ತರಿಸಿಕೊಳ್ಳಿ.